ತರಬೇತಿಯೊಂದೇ ಸಾಲದೇ?

ಮಾನ್ಯರೇ, ಆಸ್ಪತ್ರೆಯ ಹೊಸ ತಂತ್ರಾಂಶ ಬಳಸಲು ಕಷ್ಟವೆಂದು ದೂರುವ ಸಿಬ್ಬಂದಿಗೆ ಇನ್ನೊಂದು ಸುತ್ತಿನ ತರಬೇತಿ ಕೊಟ್ಟರೆ ಸಾಲದೇ, ಪರದೆಗಳನ್ನೇ ಬದಲಿಸಬೇಕೇ ಎಂದು ಕೇಳಿದ್ದೀರಿ. ಸಾಲದು ಎಂಬುದು ನನ್ನ ಅಭಿಪ್ರಾಯ.

2013ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಹೆಸರಾಂತ ಬೋಧನಾ ಆಸ್ಪತ್ರೆಯೊಂದರಲ್ಲಿ 16 ವರ್ಷದ ಹುಡುಗನಿಗೆ ಸೆಪ್ಟ್ರಾ ಎಂಬ ಆಂಟಿಬಯೋಟಿಕ್‌ನ ಒಂದು ಮಾತ್ರೆಯ ಬದಲು 38.5 ಮಾತ್ರೆಗಳನ್ನು ನುಂಗಿಸಲಾಯಿತು. ವೈದ್ಯರು 160 ಮಿಲಿಗ್ರಾಂ, ಅಂದರೆ ಒಂದು ಮಾತ್ರೆ, ಎಂದುಕೊಂಡೇ ಅಂಕಿಯನ್ನು ನಮೂದಿಸಿದ್ದರು. ಆದರೆ 40 ಕಿಲೋಗಿಂತ ಕಡಿಮೆ ತೂಕದವರಿಗೆ ತೂಕದ ಲೆಕ್ಕದಲ್ಲೇ ಔಷಧ ಬರೆಯಬೇಕೆಂಬ ನಿಯಮವಿದ್ದುದರಿಂದ ಪರದೆಯಲ್ಲಿ ಮೊದಲೇ ಕೂತಿದ್ದ ಅಳತೆಯ ಮಾನ 'ಪ್ರತಿ ಕಿಲೋಗೆ ಮಿಲಿಗ್ರಾಂ' ಆಗಿತ್ತು, ತಂತ್ರಾಂಶವು ಆ ಅಂಕಿಯನ್ನು ಹುಡುಗನ 38.6 ಕಿಲೋ ತೂಕದಿಂದ ಗುಣಿಸಿಬಿಟ್ಟಿತು. ಎಚ್ಚರಿಕೆಯೇನೋ ಮೂಡಿತು. ಆದರೆ ಅರ್ಥವಿಲ್ಲದ ಎಷ್ಟೋ ಎಚ್ಚರಿಕೆಗಳನ್ನು ದಿನವೂ ಮುಚ್ಚುತ್ತಿದ್ದ ವೈದ್ಯರೂ ಔಷಧ ತಜ್ಞರೂ ಇದನ್ನೂ ಹಾಗೆಯೇ ಮುಚ್ಚಿದರು. ಔಷಧ ಕಟ್ಟುವ ಯಂತ್ರವು ಮಾತ್ರೆಗಳನ್ನು ನಿಷ್ಠೆಯಿಂದ ಎಣಿಸಿ ಕಟ್ಟಿಕೊಟ್ಟಿತು. ಸಂಶಯಪಟ್ಟ ನರ್ಸ್ ಬಾರ್‌ಕೋಡ್ ಪರೀಕ್ಷಿಸಿದಾಗ ಪ್ರಮಾಣ ಸರಿಯೆಂಬ ಉತ್ತರವೇ ಬಂದಿತು. ಹುಡುಗನಿಗೆ ಅಪಸ್ಮಾರದಂತಹ ಸೆಳೆತ ಬಂದಿತಾದರೂ, ಪುಣ್ಯಕ್ಕೆ ಬದುಕಿಕೊಂಡ.

ಇವರಲ್ಲಿ ಯಾರೂ ತರಬೇತಿಯಿಲ್ಲದವರಲ್ಲ. ಅಳತೆಯ ಮಾನವನ್ನು ಅಂಕಿಯ ಪಕ್ಕದಲ್ಲೇ ಎದ್ದು ಕಾಣುವಂತೆ ತೋರಿಸಿದ್ದರೆ, ಮೂವತ್ತೆಂಟು ಪಟ್ಟು ಹೆಚ್ಚಿನ ಪ್ರಮಾಣದ ಎಚ್ಚರಿಕೆಯು ಕ್ಷುಲ್ಲಕ ಎಚ್ಚರಿಕೆಗಿಂತ ಬೇರೆಯಾಗಿ ಕಾಣುತ್ತಿದ್ದರೆ, ತಪ್ಪು ಅಲ್ಲಿಯೇ ನಿಲ್ಲುವ ಸಾಧ್ಯತೆಯಿತ್ತು. ಆದ್ದರಿಂದ ತರಬೇತಿಗೆ ಹಣ ತೆಗೆದಿಡುವ ಮುನ್ನ, ರಾತ್ರಿ ಪಾಳಿಯ ನರ್ಸ್ ಒಬ್ಬರ ಪಕ್ಕದಲ್ಲಿ ಎರಡು ಗಂಟೆ ಸುಮ್ಮನೆ ಕುಳಿತು, ಅವರು ಯಾವ ಎಚ್ಚರಿಕೆಗಳನ್ನು ಓದದೆಯೇ ಮುಚ್ಚುತ್ತಾರೆ ಎಂಬುದನ್ನು ಬರೆದುಕೊಳ್ಳಿ.