ಪಿಯು ಬಿಟ್ಟು ಗಾಣಕ್ಕೆ ಬಂದ ಹುಡುಗ

(ಹೆಸರು, ಗುರುತು ಸಿಗುವ ವಿವರ ಬದಲಿಸಿದ್ದೇನೆ. ಮನೆಯವರನ್ನು ಕೇಳಿಯೇ ಬರೆದಿದ್ದೇನೆ.)

ಮಲ್ಲು ಅನ್ನೋಣ. ಮುಧೋಳ ಕಡೆಯ ಹಳ್ಳಿ, ಕನ್ನಡ ಮಾಧ್ಯಮ, ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 512. ಅಷ್ಟು ಮಾರ್ಕ್ಸ್ ಬಂದ ಮೇಲೆ ಮನೆಯಲ್ಲಿ ಸೈನ್ಸ್ ಬಿಟ್ಟು ಬೇರೆ ಮಾತೇ ಇರಲಿಲ್ಲ. ಕಬ್ಬಿನ ಬಿಲ್ಲು ಬರುವ ಮೊದಲೇ ಅಪ್ಪ ಸಾಲ ಮಾಡಿ, ದೂರದ ಒಂದು ಕಾಲೇಜಿಗೆ ಹಾಸ್ಟೆಲ್ ಸಮೇತ ಸೇರಿಸಿದರು. ದಸರಾ ರಜೆಗೆ ಬಂದ ಹುಡುಗ ದೀಪಾವಳಿ ಮುಗಿದರೂ ವಾಪಸ್ ಹೋಗಲಿಲ್ಲ. ಜನವರಿಯಲ್ಲಿ ಬಾಗಲಕೋಟೆಗೆ, ಓದಿನ ಬಗ್ಗೆ ಸಲಹೆ ಕೊಡುವ ನನ್ನ ಹತ್ತಿರ ಕರೆದುಕೊಂಡು ಬಂದ ಅಪ್ಪ, ಕೂತ ತಕ್ಷಣ ಹೇಳಿದ್ದು ಒಂದೇ: "ಇವಗ ಸ್ವಲ್ಪ ಬುದ್ಧಿ ಹೇಳ್ರಿ."

ಅವರಿಗೆ ಚಹಾ ಕುಡಿದು ಬನ್ನಿ ಅಂದೆ. ಹುಡುಗನಿಗೆ ಮೊದಲು ನಿದ್ದೆ, ಊಟದ ಬಗ್ಗೆ ಕೇಳಿದೆ. ಸಾಯಬೇಕು ಅನಿಸಿತ್ತಾ ಅಂತಲೂ ನೇರವಾಗಿ ಕೇಳಿದೆ. ಸುತ್ತಿ ಬಳಸಿ ಕೇಳಿದರೆ ಮಕ್ಕಳು ಸುತ್ತಿ ಬಳಸಿಯೇ ಉತ್ತರ ಕೊಡುತ್ತಾರೆ. ಇಲ್ಲ ಅಂದ. ಆದರೆ ಹಾಸ್ಟೆಲ್‌ನಲ್ಲಿ ವಾರಕ್ಕೊಮ್ಮೆ ಗೋಡೆಗೆ ರ‍್ಯಾಂಕ್ ಪಟ್ಟಿ ಅಂಟಿಸುತ್ತಿದ್ದರು, ಅದರ ಹಿಂದಿನ ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲವಂತೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ, ಕನ್ನಡದಲ್ಲೇ ಮಾತಾಡುತ್ತಾರೆ ಅಂದೆ.

"ನಿನಗೇನು ಇಷ್ಟ?" ಅಂತ ನಾನು ಕೇಳೋದು ಬಿಟ್ಟು ಬಹಳ ವರ್ಷ ಆಯಿತು. ಹದಿನಾರರ ಹುಡುಗರು ಭುಜ ಕುಣಿಸುತ್ತಾರೆ, ಅಷ್ಟೇ. ನಿನ್ನೆ ಬೆಳಗ್ಗೆಯಿಂದ ಏನು ಮಾಡಿದೆ ಅಂದೆ. ಮಾವನ ಗಾಣದಲ್ಲಿ, ಅಂದರೆ ಬೆಲ್ಲ ಮಾಡುವ ಆಲೆಮನೆಯಲ್ಲಿ, ಇದ್ದೆ ಅಂತ ಹೇಳಿ, ಅಂಗಿ ಜೇಬಿನಿಂದ ಒಂದು ಜಿಡ್ಡು ಹಿಡಿದ ನೋಟ್‌ಬುಕ್ ತೆಗೆದ. ಯಾರ ಹೊಲದ ಕಬ್ಬು, ಎಷ್ಟು ಕೊಡ ಹಾಲು (ಕಬ್ಬಿನ ರಸ), ಕೊಪ್ಪರಿಗೆ ಎಷ್ಟು ಹೊತ್ತು ಕುದಿಯಿತು, ಎಷ್ಟು ಪೆಂಟಿ (ಉಂಡೆ) ಬೆಲ್ಲ ಆಯಿತು, ಬಣ್ಣ ಹೇಗಿತ್ತು, ಎಲ್ಲಕ್ಕೂ ಗೆರೆ ಎಳೆದ ಕಾಲಂ. ಒಂದು ಸಾಲಿನ ಪಕ್ಕ ಕೆಂಪು ಇಂಕಿನಲ್ಲಿ, "ಕೆಳಗಿನ ಹೊಲ, ಸವಳು. ಪೆಂಟಿ ಮೆತ್ತಗೆ, ಉಪ್ಪುಪ್ಪು." ಕಾಲುವೆ ನೀರು ಜಾಸ್ತಿ ಉಣಿಸಿ ಸವಳಾದ ನೆಲದ ಕಬ್ಬಿನ ಬೆಲ್ಲ ಹಾಗೇ ಆಗುತ್ತದೆ. ಆದರೆ ಇವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಲೆಕ್ಕ ನೋಡಿ ತಾನೇ ಕಂಡುಕೊಂಡಿದ್ದ. ಇಂಥವನಿಗೆ ಓದು ಹತ್ತುವುದಿಲ್ಲ ಅಂದರೆ ನಾನು ನಂಬಲ್ಲ.

ಅಪ್ಪ ವಾಪಸ್ ಬಂದರು. ಡಿಪ್ಲೊಮಾ ಅಂದ ಕೂಡಲೇ ಮುಖ ಸಪ್ಪಗಾಯಿತು. "ಅದು ಫೇಲಾದವರಿಗಲ್ಲೇನ್ರಿ?"

ಅಲ್ಲ. ಒಂದು ಹಾಳೆ ತಗೊಂಡು ಬರೆದು ತೋರಿಸಿದೆ. ಪಿಯು 2 ವರ್ಷ, ಇಂಜಿನಿಯರಿಂಗ್ 4, ಒಟ್ಟು 6. ಡಿಪ್ಲೊಮಾ 3 ವರ್ಷ, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೇ ಸೇರಿದರೆ ಇನ್ನು 3, ಅದೂ 6. ವ್ಯತ್ಯಾಸ ಏನಂದ್ರೆ, ಈ ದಾರಿಯಲ್ಲಿ ಡಿಪ್ಲೊಮಾ ಮುಗಿದ ಮೇಲೆ ಸಾಲ ಜಾಸ್ತಿಯಾಗಿ ನಿಲ್ಲಿಸಬೇಕಾಗಿ ಬಂದರೂ ಕೈಯಲ್ಲಿ ಕೆಲಸ ಸಿಗುವ ಸರ್ಟಿಫಿಕೇಟ್ ಇರುತ್ತದೆ. ಪಾಲಿಟೆಕ್ನಿಕ್ ಸೀಟಿಗೆ ಎಸ್ಸೆಸ್ಸೆಲ್ಸಿ ಅಂಕವೇ ಆಧಾರ, ಪಿಯು ಅರ್ಧಕ್ಕೆ ಬಿಟ್ಟಿದ್ದು ಅಲ್ಲಿ ಲೆಕ್ಕಕ್ಕೇ ಬರೋದಿಲ್ಲ. ವಿಜಯಪುರ, ಬೆಳಗಾವಿ ಎರಡೂ ಕಡೆ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಬೆಳಗಾವಿಯ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ, ಅಂದರೆ ಅಚ್ಚು-ಉಪಕರಣ ತಯಾರಿಕೆಯ ಡಿಪ್ಲೊಮಾ ಇದೆ, 4 ವರ್ಷದ್ದು, ಕೊನೆಯ ವರ್ಷ ಕಾರ್ಖಾನೆಯಲ್ಲೇ. ಐಟಿಐ ಬಗ್ಗೆಯೂ ಹೇಳಿದೆ. ಎರಡು ವರ್ಷದ ಫಿಟ್ಟರ್ ಮುಗಿಸಿದರೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಹೋಗಬಹುದು. ಆದರೆ 512 ಇದ್ದವನಿಗೆ ಆ ಸುತ್ತು ಬೇಡ ಅನಿಸಿತು.

ಯಾರೋ ಇವರಿಗೆ ಓಪನ್ ಸ್ಕೂಲ್ ಅಂತ ತಲೆಗೆ ತುಂಬಿದ್ದರು. ಹತ್ತನೇ ಕ್ಲಾಸ್ ಪಾಸಾಗದವರಿಗೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಒಳ್ಳೆಯ ದಾರಿಯೇ. ಇವನಿಗೆ ಈಗ ಅವಸರವಿಲ್ಲ, ಮುಂದೆ ಹನ್ನೆರಡನೇ ತರಗತಿ ಬೇಕೇ ಬೇಕು ಅನಿಸಿದರೆ ಆಗ ನೋಡಬಹುದು.

ಮುಚ್ಚಿಡಬಾರದ ಮಾತೂ ಹೇಳಿದೆ. ಡಾಕ್ಟರ್ ಆಗಬೇಕಂದ್ರೆ ಈ ದಾರಿ ಅಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಪುಸ್ತಕ ಇವನನ್ನು ಕಾಡುತ್ತದೆ. ಮತ್ತೆ, ಒಂದು ವರ್ಷ ಹೋಯಿತು, ಅದು ನಿಜ.

ಕಾಲೇಜಿನವರು ಎರಡನೇ ವರ್ಷದ ಫೀ ಕಟ್ಟಿದರೆ ಮಾತ್ರ ಟಿಸಿ ಅಂತ ಕೂತಿದ್ದರು. ಫೋನಿನಲ್ಲಿ ಜಗಳ ಬೇಡ, ಟಿಸಿ ಕೇಳಿ ಪತ್ರ ಬರೆದು ಸ್ಪೀಡ್ ಪೋಸ್ಟ್ ಮಾಡಿ, ಕೊಡದಿದ್ದರೆ ಅದೇ ಪತ್ರದ ಪ್ರತಿ ಹಿಡಿದು ಪದವಿ ಪೂರ್ವ ಇಲಾಖೆಯ ಉಪನಿರ್ದೇಶಕರ ಕಚೇರಿಗೆ ಹೋಗಿ ಅಂದೆ. ಅಂಕಪಟ್ಟಿ ಡಿಜಿಲಾಕರ್‌ನಲ್ಲೂ ಸಿಗುತ್ತದೆ, ಅಲ್ಲೇ ಕೂತು ಹುಡುಗನ ಫೋನಿಗೆ ಇಳಿಸಿದೆವು. ಮೀಸಲಾತಿಗೆ ಬೇಕಾಗುವ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರ ಈಗಲೇ ಮಾಡಿಸಿಡಿ, ಮೇ ತಿಂಗಳಲ್ಲಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸ್ ಮುಂದೆ ಜಾತ್ರೆ ಇರುತ್ತದೆ ಅಂದೆ.

ಗಾಣ ಬಿಡಿಸಲಿಲ್ಲ. ಆದರೆ ಕುದಿಯುವ ಕೊಪ್ಪರಿಗೆ ಹತ್ತಿರ ಕೆಲಸ ಬೇಡ, ರಾತ್ರಿ ಪಾಳಿ ಬೇಡ, ಲೆಕ್ಕ ಮಾತ್ರ ಬರಿ ಅಂತ ಮಾವನಿಗೂ ಫೋನ್ ಮಾಡಿ ಹೇಳಿದೆ. ಬೆಳಗ್ಗೆ ಒಂದು ತಾಸು ಇಂಗ್ಲಿಷ್. ಬೆಳಗಾವಿಯಲ್ಲಿ ಸಕ್ಕರೆ ತಂತ್ರಜ್ಞಾನಕ್ಕೇ ಒಂದು ಸಂಸ್ಥೆ ಇದೆ, ನಿಜಲಿಂಗಪ್ಪನವರ ಹೆಸರಿನದು, ಅಂದಾಗ ಮಲ್ಲು ಮೊದಲ ಸಲ ತಾನಾಗಿ ಪ್ರಶ್ನೆ ಕೇಳಿದ: "ಅಲ್ಲಿ ಬೆಲ್ಲದ್ದೂ ಕಲಿಸ್ತಾರಾ?" ಹೋಗಿ ಕೇಳಿಕೊಂಡು ಬಾ ಅಂದೆ.

ಮೊನ್ನೆ ಅಪ್ಪ ವಾಟ್ಸಾಪ್‌ನಲ್ಲಿ ಗ್ರಾಮೀಣ ಪ್ರಮಾಣಪತ್ರದ ಫೋಟೊ ಕಳಿಸಿದ್ದರು. ಸೀಲು ಮೂರು ಇದ್ದವು, ಬಿಇಒ ಸಹಿ ಇರಲಿಲ್ಲ. ಮತ್ತೆ ಮುಧೋಳಕ್ಕೆ ಓಡಿಸಿದ್ದೇನೆ.