ಕಾಳಿಗೆ ಹರಳೆಣ್ಣೆ ಸವರಿ ಇಟ್ಟರೆ ಹುಳ ಹಿಡಿಯುವುದಿಲ್ಲ, ಯಾಕೆ?

ಎಣ್ಣೆಯ ತೆಳು ಪದರ ಹುಳದ ಮೊಟ್ಟೆಗೆ ಉಸಿರಾಡಲು ಬಿಡುವುದಿಲ್ಲ, ಅದಕ್ಕೆ. ಹೆಸರುಕಾಳು, ಅಲಸಂದೆ, ತೊಗರಿಕಾಳಿಗೆ ಬೀಳುವ ಗುಗ್ಗುರು ಹುಳ ಮೊಟ್ಟೆಯನ್ನು ಕಾಳಿನ ಮೇಲೆಯೇ ಅಂಟಿಸುತ್ತದೆ. ಹುಳ ಹಿಡಿದ ಹೆಸರುಕಾಳನ್ನು ಬೆಳಕಿಗೆ ಹಿಡಿದು ನೋಡಿ, ಸಿಪ್ಪೆಯ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆಗಳು ಕಾಣುತ್ತವೆ. ಮರಿ ಅಲ್ಲಿಂದಲೇ ಕಾಳು ಕೊರೆದು ಒಳಗೆ ಹೋಗುತ್ತದೆ. ಎಣ್ಣೆ ಮೆತ್ತಿದ ಮೊಟ್ಟೆ ಒಡೆಯುವುದಿಲ್ಲ. ಜಾರುವ ಕಾಳಿನ ಮೇಲೆ ಹೊಸದಾಗಿ ಮೊಟ್ಟೆಯಿಡುವುದೂ ಕಷ್ಟ.

ಒಂದು ಕಿಲೋ ಕಾಳಿಗೆ 1 ಟೀ ಚಮಚ ಹರಳೆಣ್ಣೆ ಸಾಕು. ಅಂಗೈಗೆ ಸ್ವಲ್ಪ ಸ್ವಲ್ಪವೇ ಹಚ್ಚಿಕೊಂಡು, ಪ್ರತಿ ಕಾಳೂ ಮಿನುಗುವ ಹಾಗೆ ತಿಕ್ಕಬೇಕು. ಆದರೆ ಆಗಲೇ ಒಳಗೆ ಸೇರಿದ ಮರಿಗೆ ಎಣ್ಣೆ ತಾಕುವುದಿಲ್ಲ. ಹಾಗಾಗಿ ಮೊದಲು ಎರಡು ದಿನ ಚುರುಕು ಬಿಸಿಲಲ್ಲಿ ತೆಳ್ಳಗೆ ಹರಡಿ ಒಣಗಿಸಿ. ಹೆಚ್ಚಿನವರು ಎಡವುವುದು ಇದರ ನಂತರ: ಕಾಳು ಪೂರ್ತಿ ಆರುವ ಮೊದಲೇ ಡಬ್ಬಿ ಮುಚ್ಚಿದರೆ ಒಳಗೆ ಬೆವರಿ ಬೂಷ್ಟು ಬರುತ್ತದೆ.

ತೊಗರಿಬೇಳೆಗೂ ಇದೇ ಕ್ರಮ. ಬೇಯಿಸುವ ಮುಂಚೆ ಬಿಸಿನೀರಲ್ಲಿ ಎರಡು ಸಲ ಕಿವುಚಿ ತೊಳೆದರೆ ಜಿಡ್ಡು ಬಹುಪಾಲು ಹೋಗುತ್ತದೆ.