ತಮ್ಮನ ಮೇಲಿನ ದೂರು: ಮೊದಲು ವಕೀಲರನ್ನು ಕಾಣಿ

ತೀರ್ಥಹಳ್ಳಿಯಲ್ಲಿರುವ ತಮ್ಮನ ಮೇಲೆ ಲೈಂಗಿಕ ಕಿರುಕುಳದ ದೂರು ದಾಖಲಾಗಿ ಠಾಣೆಯಿಂದ ನೋಟಿಸ್ ಬಂದಿದೆ, ವಕೀಲರಿಗೆ ಕೊಡಲು ಹಣವಿಲ್ಲ, ಊರಿನ ಹಿರಿಯರು ದೂರುದಾರರ ಮನೆಗೆ ಹೋಗಿ ಮಾತನಾಡೋಣ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ.

ದಯವಿಟ್ಟು ಆ ಮನೆಗೆ ಯಾರೂ ಹೋಗಬೇಡಿ. ಒಳ್ಳೆಯ ಮನಸ್ಸಿನಿಂದ ಆಡಿದ ಮಾತೂ ಸಾಕ್ಷಿಗೆ ಒತ್ತಡ ಹೇರಿದಂತೆ ಕಾಣಬಹುದು. ಅದರಿಂದ ಜಾಮೀನಿಗೆ ಪೆಟ್ಟು ಬೀಳುತ್ತದೆ, ದೂರು ಕೊಟ್ಟ ಹೆಣ್ಣುಮಗಳಿಗೂ ಅದು ಅನ್ಯಾಯ.

ನೋಟಿಸ್ ಬಂಧನ, ಜಾಮೀನುಗಳ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಮಿನಡಿ ಬಂದಿದ್ದರೆ, ನೋಟಿಸಿನಲ್ಲಿ ಹೇಳಿದ ದಿನ ತಮ್ಮ ಹಾಜರಾಗಿ ಸಹಕರಿಸುವವರೆಗೆ, ಬಂಧನ ಅಗತ್ಯವೆಂಬುದಕ್ಕೆ ಕಾರಣವನ್ನು ಬರೆದಿಡದೆ ಪೊಲೀಸರು ಬಂಧಿಸುವಂತಿಲ್ಲ. ಆದರೂ ಠಾಣೆಗೆ ಹೋಗುವ ಮೊದಲೇ ವಕೀಲರನ್ನು ಕಾಣಲಿ. ಬಂಧನದ ಭಯವಿದ್ದರೆ ಅದೇ ಸಂಹಿತೆಯ 482ನೇ ಕಲಮಿನಡಿ ಶಿವಮೊಗ್ಗದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯದಲ್ಲಿ ನಿರೀಕ್ಷಣಾ ಜಾಮೀನು ಕೋರಬಹುದು. ದೂರುದಾರರಿಗೆ 18 ವರ್ಷ ತುಂಬಿರದಿದ್ದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆ ಅನ್ವಯಿಸುವುದರಿಂದ ಒಂದು ದಿನವೂ ತಡಮಾಡಬೇಡಿ.

ಹಣವಿಲ್ಲವೆಂದು ಕೈಚೆಲ್ಲಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಉಚಿತವಾಗಿ ವಕೀಲರು ಸಿಗುತ್ತಾರೆ, ಆರೋಪ ಯಾವುದೇ ಇರಲಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ.

ಮೊಬೈಲಿನಲ್ಲಿರುವ ಒಂದು ಸಂದೇಶವನ್ನೂ ಅಳಿಸದೆ, ತನಗೆ ಪ್ರತಿಕೂಲವೆನಿಸುವುದನ್ನೂ ಮುಚ್ಚಿಡದೆ, ಎಲ್ಲವನ್ನೂ ಆ ವಕೀಲರ ಮುಂದೆ ಹೇಳುವಂತೆ ತಮ್ಮನಿಗೆ ತಿಳಿಸಿ.